ಮಾಲೀಕನೇ ಕಾಣದ ಕೆಲಸದಲ್ಲಿ ಲಾಭ ಯಾರ ಪಾಲು?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆ, ಈಗ ಇರುವುದು ಡೊಂಬಿವಲಿಯಲ್ಲಿ. ನನ್ನ ಮಾವ 1968ರಲ್ಲಿ ಹದಿಮೂರರ ಹುಡುಗನಾಗಿ ಮುಂಬಯಿಗೆ ಬಂದವರು. ಊರಿನಲ್ಲಿ ಅವರದು ಗೇಣಿ ಒಕ್ಕಲಿನ ಮನೆ. ಫೋರ್ಟ್‌ನ ಹೋಟೆಲೊಂದರಲ್ಲಿ ಕ್ಲೀನರ್ ಆಗಿ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, 1980ರಲ್ಲಿ ಲಾಲ್‌ಬಾಗ್‌ನಲ್ಲಿ ಕಂಡಕ್ಟಿಂಗ್ ಮೇಲೆ, ಅಂದರೆ ಬೇರೆಯವರ ಲೈಸೆನ್ಸಿನಲ್ಲಿ, ಸಣ್ಣ ಹೋಟೆಲ್ ಹಿಡಿದರು. ಎರಡೇ ವರ್ಷದಲ್ಲಿ ಹತ್ತಿ ಮಿಲ್‌ಗಳ ಮುಷ್ಕರ ಬಂತು. ಗಿರಾಕಿಗಳ ಉದ್ರಿ ಮುಳುಗಿತು, ಹೋಟೆಲ್ ಕೈಬಿಟ್ಟಿತು. ಆಮೇಲೆ ಠಾಣೆಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಅತ್ತೆ ಮದುವೆಯಾದ ಮೇಲೂ ಬಹಳ ವರ್ಷ ಊರಿನಲ್ಲೇ ಇದ್ದು ಬೀಡಿ ಕಟ್ಟಿದವರು. ನನ್ನ ಮಗ ಬಿ.ಕಾಂ. ಮುಗಿಸಿ ಮೊಬೈಲ್ ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸ ಮಾಡುತ್ತಿದ್ದಾನೆ. ಸಮಾಜವಾದದ ಪುಸ್ತಕಗಳನ್ನು ಓದುತ್ತಾನೆ. ‘ಲಾಭವೆಂದರೆ ಕೆಲಸಗಾರನಿಗೆ ಕೊಡದೆ ಉಳಿಸಿಕೊಂಡ ಕೂಲಿ’ ಎನ್ನುತ್ತಾನೆ. ‘ಹಾಗಾದರೆ ನಾನು ಕಳ್ಳನೇ? ದುಡಿದವನು ಮೇಲೆ ಬರುತ್ತಾನೆ. ಮಿಲ್‌ಗಳನ್ನು ಮುಳುಗಿಸಿದ್ದು ಯೂನಿಯನ್’ ಎಂದು ಮಾವ ಸಿಟ್ಟಾಗುತ್ತಾರೆ. ಇಬ್ಬರಲ್ಲಿ ಯಾರು ಸರಿ? ಮಾಲೀಕನೇ ಇಲ್ಲದ ನನ್ನ ಮಗನ ಕೆಲಸಕ್ಕೆ ಈ ಹಳೆಯ ವಿಚಾರ ಹೊಂದುತ್ತದೆಯೇ?

ಉತ್ತರ: ನಿಮ್ಮ ಮಾವ ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಯೊಳಗಿನ ಇಂಥ ವಾದಗಳು ಹದಗೆಡುವುದು ಇಲ್ಲಿಯೇ. ಕಾರ್ಲ್ ಮಾರ್ಕ್ಸ್ ಲಾಭದ ಮೂಲ ಹುಡುಕಲು ಹೊರಟಾಗ ತನಗೆ ತಾನೇ ಹಾಕಿಕೊಂಡ ಷರತ್ತು ಏನೆಂದರೆ, ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ ಎಂದು ಇಟ್ಟುಕೊಂಡೇ ಲೆಕ್ಕ ಹಾಕಬೇಕು. ತೂಕ ಸರಿಯಿದೆ, ಬೆಲೆ ಸರಿಯಿದೆ, ಕೂಲಿಯೂ ಪೇಟೆಯ ದರದಂತೆ ಸಂದಿದೆ. ಆದರೂ ವರ್ಷದ ಕೊನೆಗೆ ಹಾಕಿದ್ದಕ್ಕಿಂತ ಹೆಚ್ಚು ಹಣ ಕೈಗೆ ಬರುತ್ತದಲ್ಲ, ಅದು ಎಲ್ಲಿಂದ ಬಂತು? ಪ್ರಶ್ನೆ ಇದು. ನಿಮ್ಮ ಮಗ ವ್ಯವಸ್ಥೆಯ ಮಾತು ಆಡುತ್ತಿದ್ದಾನೆ. ಮಾವನವರು ಅದನ್ನು ತಮ್ಮ ನಡತೆಯ ಮೇಲಿನ ಮಾತೆಂದು ಕೇಳಿಸಿಕೊಳ್ಳುತ್ತಿದ್ದಾರೆ.

ನಿಮ್ಮ ಮನೆಯಲ್ಲಿ ಈ ವಿಷಯ ಅರ್ಥವಾಗಲು ಪುಸ್ತಕವೇ ಬೇಕಿಲ್ಲ. ಮಾವನವರಿಗೆ ಗೇಣಿ ಗೊತ್ತು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವರಿಗೆ ಭೂಮಿಯ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿಯವರನ್ನು ಧನಿ ಬೇಕೆಂದಾಗ ಎಬ್ಬಿಸಬಹುದಿತ್ತು. ಏಣಿಲು (ಮಳೆಗಾಲದ ಬೆಳೆ) ಕೊಯ್ಲು ಮುಗಿದ ಮೇಲೆ ಒಕ್ಕಲಿನ ಅಂಗಳದಲ್ಲಿ ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟಿ, ಧನಿಯ ಮನೆಗೆ ಇಷ್ಟು ಮುಡಿ ಎಂದು ಹೊತ್ತು ಹಾಕಬೇಕಿತ್ತು. ಮನೆಮಂದಿ ಎಲ್ಲ ಬೆವರು ಸುರಿಸಿ ಬೆಳೆದದ್ದರಲ್ಲಿ ಯಾವ ಮುಡಿ ತಮ್ಮದು, ಯಾವುದು ಧನಿಯದು ಎಂದು ಮಗುವೂ ಬೆರಳು ಮಾಡಿ ತೋರಿಸಬಹುದಿತ್ತು. ದುಡಿಮೆಯ ಒಂದು ಭಾಗ ಭೂಮಿಯ ಒಡೆತನವಿದ್ದವನಿಗೆ ಹೋಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅದು ಕಣ್ಣ ಮುಂದೆಯೇ ಅಳೆದು ಹೋಗುತ್ತಿತ್ತು. ಆ ಧನಿ ಒಳ್ಳೆಯ ಮನುಷ್ಯನಾಗಿದ್ದಿರಬಹುದು, ಒಕ್ಕಲಿನ ಮದುವೆಗೆ ಸಹಾಯ ಮಾಡಿದ್ದಿರಬಹುದು. ಅದರಿಂದ ಮುಡಿಯ ಲೆಕ್ಕ ಬದಲಾಗುತ್ತಿರಲಿಲ್ಲ.

ಕೂಲಿಯ ಕೆಲಸದಲ್ಲಿ ಇದೇ ಹಂಚಿಕೆ ನಡೆಯುತ್ತದೆ, ಆದರೆ ಮುಡಿ ಕಾಣುವುದಿಲ್ಲ. ಮಾವನವರ ಹೋಟೆಲನ್ನೇ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಹಾಕಲಷ್ಟೇ. ದಿನಕ್ಕೆ 30,000 ರೂಪಾಯಿ ವ್ಯಾಪಾರ. ಅಕ್ಕಿ, ಉದ್ದು, ಎಣ್ಣೆ, ಹಾಲು, ಗ್ಯಾಸ್, ಕರೆಂಟು, ಪಾತ್ರೆಪಗಡಗಳ ಸವೆತ ಎಲ್ಲ ಸೇರಿ 16,000. ಉಳಿದ 14,000 ರೂಪಾಯಿ ಆ ದಿನ ಅಲ್ಲಿ ದುಡಿದವರ ಕೈ ಹೊಸದಾಗಿ ಸೇರಿಸಿದ್ದು. ಅಕ್ಕಿ ತಾನಾಗಿ ದೋಸೆಯಾಗುವುದಿಲ್ಲ. ಭಟ್ಟರು, ಸಪ್ಲೈಯರ್‌ಗಳು, ಮೋರಿಯಲ್ಲಿ ಪಾತ್ರೆ ತೊಳೆಯುವವರು ಸೇರಿ ಹತ್ತು ಜನರಿಗೆ 7,000 ಕೂಲಿ. ಅಂದರೆ ಹತ್ತು ಗಂಟೆಯ ಕೆಲಸದಲ್ಲಿ ಮೊದಲ ಐದು ಗಂಟೆಯಲ್ಲೇ ಅವರು ತಮ್ಮ ಕೂಲಿಯಷ್ಟನ್ನು ಹುಟ್ಟಿಸಿದರು. ಮುಂದಿನ ಐದು ಗಂಟೆ ಹುಟ್ಟಿಸಿದ 7,000ವೇ ಮಿಗುತಾಯ ಮೌಲ್ಯ. ಕೂಲಿಯವನಿಗೆ ಹತ್ತು ಗಂಟೆಗೂ ಸಂಬಳ ಸಿಕ್ಕಿದಂತೆ ತೋರುತ್ತದೆ, ಏಕೆಂದರೆ ಅವನ ಮುಂದೆ ಎರಡು ರಾಶಿ ಹಾಕಿ ಯಾರೂ ಅಳೆಯುವುದಿಲ್ಲ.

ಈಗ ಆ 7,000 ಎಲ್ಲಿ ಹೋಯಿತು ನೋಡಿ. ಕಂಡಕ್ಟಿಂಗ್ ಹಿಡಿದವರಿಗೆ ಜಾಗವೂ ತಮ್ಮದಲ್ಲ, ಲೈಸೆನ್ಸೂ ತಮ್ಮದಲ್ಲ. ಡಿಪಾಸಿಟ್ ಕೊಟ್ಟು, ತಿಂಗಳು ತಿಂಗಳು ಒಪ್ಪಿದ ಮೊತ್ತವನ್ನು ಲೈಸೆನ್ಸ್ ಹೆಸರಿನಲ್ಲಿರುವವನಿಗೆ ಮುಟ್ಟಿಸಬೇಕು. ಅದಕ್ಕೆ ದಿನಕ್ಕೆ 4,000 ಎಂದು ಹಿಡಿಯಿರಿ. ಡಿಪಾಸಿಟ್‌ಗೆಂದು ತಂದ ಸಾಲದ ಬಡ್ಡಿ 1,000. ಮಾವನವರ ಕೈಗೆ 2,000. ಅವರು ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹನ್ನೊಂದರವರೆಗೆ ಗಲ್ಲೆಯಲ್ಲಿ ಕುಳಿತಿದ್ದಕ್ಕೆ ಒಬ್ಬ ಮ್ಯಾನೇಜರನ ಸಂಬಳವೆಂದು 1,000 ತೆಗೆದರೆ, ಮಾಲೀಕರೆಂಬ ಹೆಸರಿಗೆ ಅವರಿಗೆ ಉಳಿದದ್ದು 1,000 ಮಾತ್ರ. ಅತಿ ದೊಡ್ಡ ಪಾಲು ಹೋದದ್ದು ಅಡುಗೆಮನೆಗೆ ಕಾಲೇ ಇಡದ ಒಬ್ಬನಿಗೆ. ಗೇಣಿ ಬಿಟ್ಟು ಮುಂಬಯಿಗೆ ಬಂದ ಹುಡುಗ ಇಲ್ಲಿ ಮತ್ತೆ ಗೇಣಿಯನ್ನೇ ಕಟ್ಟಿದ. ನಿಮ್ಮ ಮಗನ ಮಾತಿನಿಂದ ಅಜ್ಜನಿಗೆ ನೋವಾಗುವುದರಲ್ಲಿ ಅರ್ಥವಿದೆ. ಒಂದು ಕೈಯಲ್ಲಿ ಕೆಲಸಗಾರರ ದುಡಿಮೆಯ ಪಾಲು ಪಡೆದು, ಇನ್ನೊಂದು ಕೈಯಲ್ಲಿ ಅದರ ಬಹುಪಾಲನ್ನು ಮೇಲಕ್ಕೆ ದಾಟಿಸುವ ನಡುವಿನ ಸ್ಥಾನ ಅವರದಾಗಿತ್ತು. ಮುಂಬಯಿಯ ಸಾವಿರಾರು ಕನ್ನಡ, ತುಳು ಹೋಟೆಲಿನವರ ಸ್ಥಾನ ಇಂದಿಗೂ ಅದೇ.

‘ಅಪಾಯ ಹೊತ್ತವರಿಗೆ ಲಾಭ ಸಿಗಬೇಡವೇ?’ ಎಂದು ಮಾವನವರು ಕೇಳಬಹುದು, ನಿಜವಾದ ಪ್ರಶ್ನೆಯೇ. ಉದ್ರಿ ಮುಳುಗಿದ್ದು ಅವರದು, ಭಟ್ಟರದಲ್ಲ. ಆದರೆ ಅಪಾಯ ಹೊತ್ತುಕೊಳ್ಳುವುದರಿಂದ ಹೊಸ ಮೌಲ್ಯ ಹುಟ್ಟುವುದಿಲ್ಲ. ಹುಟ್ಟಿದ ಮೌಲ್ಯದಲ್ಲಿ ಯಾರು ಎಷ್ಟು ಕೇಳಬಹುದು ಎಂಬ ಜಗಳದಲ್ಲಿ ಅದೊಂದು ವಾದವಾಗುತ್ತದೆ, ಅಷ್ಟೇ. ಜೊತೆಗೆ, ಹೋಟೆಲ್ ಮುಚ್ಚಿದ ದಿನ ಆ ಹತ್ತು ಜನ ಕೆಲಸಗಾರರೂ ಬೀದಿಗೆ ಬಿದ್ದರು. ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗುತ್ತಿದ್ದ ಹುಡುಗರಿಗೆ ಕೆಲಸದೊಂದಿಗೆ ಮಲಗುವ ಜಾಗವೂ ಹೋಯಿತು. ಅವರು ಹೊತ್ತ ಅಪಾಯಕ್ಕೆ ಯಾವ ಪಾಲೂ ಇರಲಿಲ್ಲ.

ಅರ್ಥಶಾಸ್ತ್ರ ಓದಿದವರು ನಿಮ್ಮ ಮಗನಿಗೆ ಇನ್ನೊಂದು ಆಕ್ಷೇಪ ಹಾಕಬಹುದು. 1870ರ ದಶಕದಲ್ಲಿ ಜೆವೊನ್ಸ್, ಮೆಂಗರ್, ವಾಲ್ರಾಸ್ ಎಂಬ ಮೂವರು, ವಸ್ತುವಿನ ಬೆಲೆ ಅದರಲ್ಲಿ ಅಡಗಿದ ಶ್ರಮದಿಂದಲ್ಲ, ಕೊಳ್ಳುವವನಿಗೆ ಅದು ಎಷ್ಟು ಬೇಕು ಮತ್ತು ಅದು ಎಷ್ಟು ವಿರಳ ಎಂಬುದರಿಂದ ನಿರ್ಧಾರವಾಗುತ್ತದೆ ಎಂದು ಬೇರೆ ಬೇರೆಯಾಗಿಯೇ ವಾದಿಸಿದರು. ಇಂದು ಕಾಲೇಜುಗಳಲ್ಲಿ ಕಲಿಸುವುದು ಬಹುಮಟ್ಟಿಗೆ ಇದನ್ನೇ. ಲಾಲ್‌ಬಾಗ್‌ನಲ್ಲಿ ಒಂದು ದೋಸೆಗೆ ಎಷ್ಟು ರೂಪಾಯಿ ಎಂದು ಹೇಳಲು ಮಾರ್ಕ್ಸ್‌ನ ಶ್ರಮಮೌಲ್ಯ ಸಿದ್ಧಾಂತವೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆ ಸಿದ್ಧಾಂತದ ಒಳಗೂ ಬಿಡಿಸಲಾಗದ ಗಂಟುಗಳಿವೆ ಎಂದು ಸಮಾಜವಾದಿಗಳೇ ನೂರಕ್ಕೂ ಹೆಚ್ಚು ವರ್ಷಗಳಿಂದ ಚರ್ಚಿಸಿದ್ದಾರೆ. ಆದರೆ ಒಡೆತನದ ಪ್ರಶ್ನೆ ಈ ಆಕ್ಷೇಪದಿಂದ ಅಲ್ಲಾಡುವುದಿಲ್ಲ. ಭೂಮಿ, ಯಂತ್ರ, ಲೈಸೆನ್ಸು ಒಬ್ಬನ ಕೈಯಲ್ಲಿದ್ದು, ನಾಳೆಯ ಊಟಕ್ಕೆ ಇವತ್ತು ದುಡಿಯಲೇಬೇಕಾದವರು ಇನ್ನೊಂದು ಕಡೆ ಇದ್ದರೆ, ಚೌಕಾಸಿಯಲ್ಲಿ ಯಾರು ಸೋಲುತ್ತಾರೆ ಎಂಬುದು ಯಾವ ಸಿದ್ಧಾಂತ ಹಿಡಿದರೂ ಒಂದೇ.

‘ದುಡಿದವನು ಮೇಲೆ ಬರುತ್ತಾನೆ’ ಎಂಬ ಮಾತಿಗೆ ಬರೋಣ. ಮಾವನವರು ದುಡಿದದ್ದು ಸತ್ಯ. ಅವರ ಅಜ್ಜಂದಿರು ಕಡಿಮೆ ದುಡಿದರೇ? ಮೇಲೆ ಬರಲಿಲ್ಲವಲ್ಲ. 1974ರ ಮಾರ್ಚ್‌ನಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಉಳುವ ಭೂಮಿಯನ್ನು ತಮ್ಮ ಹೆಸರಿಗೆ ಮಾಡಿಕೊಂಡರು. ಅದಕ್ಕೆ ಹಿಂದೆ ಶಿವಮೊಗ್ಗ ಜಿಲ್ಲೆಯ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹವಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅಲ್ಲಿ ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದ ಬೆಳೆದರು. ಊರಿನಲ್ಲಿ ಮನೆಯವರಿಗೆ ಹೊಟ್ಟೆಗೆ ಭೂಮಿ ಆದ ಮೇಲೆಯೇ ಮುಂಬಯಿಯಲ್ಲಿದ್ದ ಮಗ ಉಳಿಸಿದ ಹಣ ಹೋಟೆಲಿನ ಡಿಪಾಸಿಟ್ ಆಗಬಲ್ಲದು. ನಿಮ್ಮ ಮನೆಯಲ್ಲಿ ಹೀಗೆಯೇ ಆಯಿತೇ ಎಂದು ಮಾವನವರನ್ನೇ ಕೇಳಿ. ರಾತ್ರಿ ಶಾಲೆಯೂ ಹಾಗೆಯೇ. ಹಗಲು ಹದಿನಾಲ್ಕು ಗಂಟೆ ಎಂಜಲು ಮೇಜು ಒರೆಸಿದ ಹುಡುಗರಿಗೆ ಅಕ್ಷರ ಕಲಿಸಲು ಮುಂಬಯಿಯ ಕನ್ನಡ ಸಂಘಗಳು ಹಣ ಕೂಡಿಸಿದವು, ಮೇಷ್ಟರುಗಳು ತಮ್ಮ ಸಂಜೆಗಳನ್ನು ಕೊಟ್ಟರು. ಒಬ್ಬನ ಏಳಿಗೆಗೆ ಒದಗಿದ ಸಾಮೂಹಿಕ ಶ್ರಮ ಇದು. ಸಮಾಜವಾದಿಗಳು ಹೇಳುವುದರಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತೂ ಇದೇ.

ಮಿಲ್‌ಗಳ ವಿಷಯದಲ್ಲಿ ಮಾವನವರ ನಷ್ಟ ನಿಜ, ತೀರ್ಮಾನ ತಪ್ಪು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರವನ್ನು ಅಧಿಕೃತವಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ಕಾರ್ಮಿಕರು ಸಾಮಂತರ ಬಳಿ ಹೋದದ್ದು ಏಕೆ? 1946ರ ಬಾಂಬೆ ಔದ್ಯೋಗಿಕ ಸಂಬಂಧಗಳ ಕಾಯ್ದೆಯಡಿ ಇಡೀ ನಗರದ ಹತ್ತಿ ಗಿರಣಿಗಳಿಗೆ ಒಂದೇ ಪ್ರಾತಿನಿಧಿಕ ಸಂಘ. ಆ ಸ್ಥಾನದಲ್ಲಿ ಕಾಂಗ್ರೆಸ್ ಬೆಂಬಲದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ ಕುಳಿತಿತ್ತು. ಕಾರ್ಮಿಕರಿಗೆ ಅದರ ಮೇಲೆ ನಂಬಿಕೆ ಹೋಗಿದ್ದರೂ ಮಾಲೀಕರು ಮಾತಾಡಬೇಕಾದದ್ದು ಅದರ ಜೊತೆಗೇ. ಆದ್ದರಿಂದ ಕೂಲಿ ಏರಿಕೆಯಷ್ಟೇ ಮುಖ್ಯವಾಗಿ ಆ ಕಾಯ್ದೆಯನ್ನೇ ತೆಗೆಯಬೇಕೆಂಬ ಬೇಡಿಕೆಯಿತ್ತು.

ಗಿರಣಿಗಳು ಅದಕ್ಕೂ ಮೊದಲೇ ಬಸವಳಿದಿದ್ದವು. ಬಹಳಷ್ಟು ಮಾಲೀಕರು ಲಾಭವನ್ನು ಹೊಸ ಯಂತ್ರಕ್ಕೆ ಹಾಕದೆ ಬೇರೆ ಉದ್ಯಮಗಳಿಗೆ ಸಾಗಿಸಿದ್ದರು. ಭಿವಂಡಿ, ಇಚಲಕರಂಜಿ, ಮಾಲೇಗಾಂವ್‌ಗಳ ಪವರ್‌ಲೂಮ್‌ಗಳಲ್ಲಿ ಕಡಿಮೆ ಕೂಲಿಗೆ ಬಟ್ಟೆ ನೇಯಿಸಿಕೊಳ್ಳುವುದು ಅಗ್ಗವಾಗಿತ್ತು. 1974ರಲ್ಲಿ ಸಂಸತ್ತು ದೇಶದ 103 ರೋಗಗ್ರಸ್ತ ಗಿರಣಿಗಳನ್ನು ರಾಷ್ಟ್ರೀಕರಿಸಿತ್ತು. ಅಂದರೆ ಮುಷ್ಕರಕ್ಕೆ ಎಂಟು ವರ್ಷ ಮೊದಲೇ ಉದ್ಯಮ ಹಾಸಿಗೆ ಹಿಡಿದಿತ್ತು. ಮುಷ್ಕರ ದೀರ್ಘವಾದದ್ದು ಕಾರ್ಮಿಕರನ್ನು ಹಣ್ಣು ಮಾಡಿತು, ಸಾಮಂತರ ತಂತ್ರದಲ್ಲಿ ಹಿಂದಕ್ಕೆ ಸರಿಯುವ ದಾರಿಯೇ ಇರಲಿಲ್ಲ. ಈ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ಮುಷ್ಕರದ ನಂತರ ಏನಾಯಿತೆಂದು ನೋಡಿದರೆ ಗಿರಣಿಯ ನಿಜವಾದ ಬೆಲೆ ಮಗ್ಗದಲ್ಲಿರಲಿಲ್ಲ, ನೆಲದಲ್ಲಿತ್ತು ಎಂದು ತಿಳಿಯುತ್ತದೆ. 1991ರ ಅಭಿವೃದ್ಧಿ ನಿಯಮದ 58ನೆಯ ಕಲಮು ಗಿರಣಿ ನೆಲವನ್ನು ಮೂರು ಭಾಗ ಮಾಡಿ ಒಂದನ್ನು ಊರಿನ ಬಯಲಿಗೆ, ಒಂದನ್ನು ಸಾರ್ವಜನಿಕ ವಸತಿಗೆ, ಒಂದನ್ನು ಮಾಲೀಕರಿಗೆ ಎಂದಿತ್ತು. 2001ರಲ್ಲಿ ತಿದ್ದುಪಡಿ ತಂದು, ಹಂಚಬೇಕಾದದ್ದು ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಎಂದು ಮಾಡಿದರು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೋವರ್ ಪರೇಲ್‌ನಲ್ಲಿ ಇಂದು ನೀವು ನೋಡುವ ಮಾಲ್‌ಗಳು, ಗಾಜಿನ ಕಚೇರಿಗಳು ಆ ನೆಲದ ಮೇಲೆ ನಿಂತಿವೆ. ಮಾವನವರ ಉದ್ರಿ ಪುಸ್ತಕದಲ್ಲಿದ್ದ ಗಿರಾಕಿಗಳ ಹಣ ಎಲ್ಲಿ ಹೋಯಿತೆಂದು ಹುಡುಕುವವರು ಅಲ್ಲಿ ಹುಡುಕಬೇಕು.

ಗಿರಣಿಯ ಬಗ್ಗೆ ಹೇಳುವಾಗ ಒಂದು ಮಾತನ್ನು ಮುಚ್ಚಿಡಬಾರದು. ನೇಯ್ಗೆ ಖಾತೆಯಲ್ಲಿ ಕೂಲಿ ಹೆಚ್ಚು. ಅಲ್ಲಿ ನೂಲು ತುಂಡಾದಾಗ ಎಳೆಯನ್ನು ಬಾಯಿಯಿಂದ ಹೀರಿ ಲಾಳಿಗೆ ತೆಗೆದುಕೊಳ್ಳಬೇಕಿತ್ತು. ಆ ನೆಪದಲ್ಲಿ ದಲಿತ ಕಾರ್ಮಿಕರನ್ನು ಅಲ್ಲಿಗೆ ಸೇರಿಸುತ್ತಿರಲಿಲ್ಲ. ತಡೆದದ್ದು ಮಾಲೀಕರು ಮಾತ್ರವಲ್ಲ, ಜೊತೆಯ ಕಾರ್ಮಿಕರೇ. ಜಾತಿ ಎಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿ ಬರೆದದ್ದು ಈ ನಗರವನ್ನು ಕಣ್ಣಾರೆ ಕಂಡು. ಅದೇ ಅಂಬೇಡ್ಕರ್ 1938ರ ನವೆಂಬರ್‌ನಲ್ಲಿ ಮುಷ್ಕರದ ಹಕ್ಕನ್ನು ಕಸಿಯುವ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆ ನಿಂತು ಮುಷ್ಕರ ನಡೆಸಿದರು. ನಮ್ಮ ಹೋಟೆಲುಗಳ ಅಡುಗೆಮನೆಯಲ್ಲಿ ಯಾರಿರುತ್ತಿದ್ದರು, ಮೋರಿಯಲ್ಲಿ ಯಾರಿರುತ್ತಿದ್ದರು ಎಂದು ಮಾವನವರನ್ನು ಕೇಳಿದರೆ ನಿಮ್ಮ ಮಗನ ಪುಸ್ತಕದಲ್ಲಿಲ್ಲದ ಅಧ್ಯಾಯವೊಂದು ಸಿಗುತ್ತದೆ.

ಇನ್ನು ಮಗನ ಕೆಲಸ. ಮಾಲೀಕನೇ ಇಲ್ಲ ಎಂದು ಬರೆದಿದ್ದೀರಿ. ಮಾಲೀಕನಿದ್ದಾನೆ, ಗಲ್ಲೆಯಲ್ಲಿ ಕುಳಿತಿಲ್ಲ, ಅಷ್ಟೇ. ಬೈಕ್ ಮಗನದು, ನೂರು ರೂಪಾಯಿ ದಾಟಿದ ಪೆಟ್ರೋಲ್ ಅವನದು, ಮೊಬೈಲ್, ಟೈರ್, ಮಳೆಗಾಲದ ರೇನ್‌ಕೋಟ್ ಎಲ್ಲ ಅವನದೇ. ಉತ್ಪಾದನಾ ಸಾಧನ ಅವನ ಕೈಯಲ್ಲೇ ಇದೆಯಲ್ಲ ಎಂದು ಕಂಪನಿ ಹೇಳುತ್ತದೆ, ಅದಕ್ಕೇ ‘ಪಾರ್ಟ್ನರ್’ ಎಂದು ಕರೆಯುತ್ತದೆ. ಆದರೆ ಗಿರಾಕಿಗಳ ಪಟ್ಟಿ, ಯಾವ ಆರ್ಡರ್ ಯಾರಿಗೆ ಎಂಬ ತೀರ್ಮಾನ, ದರ, ಇನ್ಸೆಂಟಿವ್, ರೇಟಿಂಗ್ ಎಲ್ಲ ಇನ್ನೊಂದು ಕಡೆ ಇವೆ. ಐಡಿ ಬ್ಲಾಕ್ ಆದ ಕ್ಷಣದಲ್ಲಿ ಅವನ ಬೈಕಿನಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಚಾಲಗೇಣಿಯ ಒಕ್ಕಲಿಗೂ ಎತ್ತು, ನೇಗಿಲು ತನ್ನದೇ ಇದ್ದವು.

ಆರ್ಡರಿಗೆ ಇಷ್ಟು ಎಂದು ಕೊಡುವ ತುಂಡುಗೂಲಿ ಬಂಡವಾಳಕ್ಕೆ ಅತ್ಯಂತ ಒಗ್ಗುವ ಕೂಲಿ ಪದ್ಧತಿ ಎಂದು ಮಾರ್ಕ್ಸ್ ಹೇಳಿದ್ದ. ಮೇಸ್ತ್ರಿ ಬೇಕಾಗುವುದಿಲ್ಲ, ಕೆಲಸಗಾರನೇ ತನ್ನನ್ನು ಓಡಿಸಿಕೊಳ್ಳುತ್ತಾನೆ. ದರ ಇಳಿದರೆ ಅಷ್ಟೇ ದುಡ್ಡಿಗಾಗಿ ಇನ್ನೆರಡು ಗಂಟೆ ಹೆಚ್ಚು ದುಡಿಯುತ್ತಾನೆ. ಕೆಲಸ ಸಿಗುವ ಖಾತ್ರಿಯಿಲ್ಲದಿರುವುದೂ ಹೊಸದಲ್ಲ. ಗಿರಣಿಗಳಲ್ಲಿ ‘ಬದಲಿ’ ಕಾರ್ಮಿಕರು ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುತ್ತಿದ್ದರು. ಕಾಯಂ ಕೆಲಸಗಾರ ಬಾರದಿದ್ದರೆ ಒಳಗೆ, ಬಂದರೆ ಮನೆಗೆ. ಈಗ ಕಾಯುವುದು ಹೋಟೆಲಿನ ಎದುರಿನ ಫುಟ್‌ಪಾತಿನಲ್ಲಿ, ಬೈಕಿನ ಮೇಲೆ. ಆ ಕಾಯುವ ಹೊತ್ತಿಗೆ ಕೂಲಿಯಿಲ್ಲ. ಮಗನ ಒಂದು ದಿನವನ್ನು ಕಾಗದದ ಮೇಲೆ ಬರೆಯಿಸಿ: ಆ್ಯಪ್ ತೆರೆದಿದ್ದ ಒಟ್ಟು ಗಂಟೆ, ಬಂದ ಹಣ, ಅದರಲ್ಲಿ ಪೆಟ್ರೋಲ್, ಸರ್ವಿಸಿಂಗ್, ಡೇಟಾ, ಬೈಕಿನ ಕಂತು ಕಳೆದು ಗಂಟೆಗೆ ಎಷ್ಟು ಬಿತ್ತು. ಈ ಲೆಕ್ಕ ಹಾಕಿದವರಿಗೆ ಇಂತಿಷ್ಟು ಸಂಪಾದನೆ ಎಂಬ ಜಾಹೀರಾತಿನ ಅಂಕಿ ಬೇರೆಯಾಗಿಯೇ ಕಾಣುತ್ತದೆ.

ವಾರದ ರಜೆಯ ಮಾತೂ ಇದರಲ್ಲೇ ಬರುತ್ತದೆ. ಮುಂಬಯಿಯ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಬಾಂಬೆ ಮಿಲ್‌ಹ್ಯಾಂಡ್ಸ್ ಅಸೋಸಿಯೇಷನ್ ಕಟ್ಟಿ, ಆರು ವರ್ಷ ಜಗ್ಗಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಯನ್ನು ಒಪ್ಪಿದರು. ನಿಮ್ಮ ಮಗನಿಗೆ ಇನ್ಸೆಂಟಿವ್ ಹೆಚ್ಚು ಸಿಗುವುದೇ ಭಾನುವಾರ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಹೌದು, ಹೊಂದುತ್ತದೆ. ಅದಕ್ಕೆ ಸಾಕ್ಷಿ ನಿಮ್ಮ ಅತ್ತೆಯವರು. ಬೀಡಿ ಕಂಪನಿಗಳೂ ಇದೇ ಮಾತು ಹೇಳುತ್ತಿದ್ದವು: ಹೆಂಗಸರು ತಮ್ಮ ಮನೆಯ ಜಗುಲಿಯಲ್ಲಿ, ತಮಗೆ ಬೇಕಾದ ಹೊತ್ತಿನಲ್ಲಿ ಕಟ್ಟುತ್ತಾರೆ, ಸಾವಿರಕ್ಕೆ ಇಷ್ಟೆಂದು ಹಣ ಪಡೆಯುತ್ತಾರೆ, ಅವರು ನಮ್ಮ ನೌಕರರಲ್ಲ, ವ್ಯವಹಾರ ಏನಿದ್ದರೂ ಗುತ್ತಿಗೆದಾರನ ಜೊತೆ. ಎಲೆ, ತಂಬಾಕು ಕೊಡುವವರು ಯಾರು, ಬ್ರಾಂಚಿನಲ್ಲಿ ಕುಳಿತ ಚೆಕ್ಕರ್ ಕಟ್ಟಿನಿಂದ ಬೀಡಿಗಳನ್ನು ಎತ್ತಿ ಬಿಸಾಡುವುದು ಯಾರ ಪರವಾಗಿ ಎಂದು ಕೇಳಿದರೆ ಉತ್ತರ ಸ್ಪಷ್ಟವಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ನೌಕರರೆಂದೇ ಎಣಿಸಿತು. ಮಂಗಳೂರಿನ ಕಂಪನಿಯೂ ಸೇರಿದಂತೆ ಉದ್ಯಮಿಗಳು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಉಳಿಸಿತು. ತುಳುನಾಡಿನ ಎಷ್ಟೋ ಮನೆಗಳ ಹೆಂಗಸರಿಗೆ ಭವಿಷ್ಯನಿಧಿ ಬಂದದ್ದು ಬೀಡಿಯಿಂದ. ಅತ್ತೆಯವರ ಬಳಿ ಪಿ.ಎಫ್. ಕಾಗದ ಇದ್ದರೆ ಮೊಮ್ಮಗನಿಗೆ ತೋರಿಸಲಿ. ಹೆಚ್ಚು ಓದಿದ ಅವನಿಗೆ ಇಲ್ಲದ ಹಕ್ಕು ಜಗುಲಿಯಲ್ಲಿ ಕುಳಿತ ಅಜ್ಜಿಗೆ ಇತ್ತು.

ಎರಡನೆಯ ಉದಾಹರಣೆ ಮುಂಬಯಿಯದೇ. ಮಸ್ಜಿದ್ ಬಂದರಿನ ಸಗಟು ಪೇಟೆಗಳಲ್ಲಿ ಗೋಣಿ ಹೊರುವ ಮಾಥಾಡಿ ಬೆಳಿಗ್ಗೆ ಒಬ್ಬ ವ್ಯಾಪಾರಿಯದು ಹೊತ್ತರೆ ಮಧ್ಯಾಹ್ನ ಇನ್ನೊಬ್ಬನದು. ‘ಇವನು ನನ್ನ ಆಳಲ್ಲ’ ಎಂದು ಪ್ರತಿ ವ್ಯಾಪಾರಿಯೂ ಹೇಳಬಹುದಿತ್ತು. ಅಣ್ಣಾಸಾಹೇಬ್ ಪಾಟೀಲರು ಇವರನ್ನು ಸಂಘಟಿಸಿದರು; 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ಬಂತು. ಅದರ ಜಾಣತನ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಮಾಲೀಕ ಯಾರೆಂದು ಜಗಳವಾಡುತ್ತಾ ಕೂರುವ ಬದಲು, ಸರ್ಕಾರ, ವ್ಯಾಪಾರಿಗಳು, ಕಾರ್ಮಿಕರು ಮೂವರೂ ಇರುವ ಮಂಡಳಿಗಳನ್ನು ರಚಿಸಿದರು. ವ್ಯಾಪಾರಿಯೂ ಅಲ್ಲಿ ನೋಂದಾಯಿಸಬೇಕು, ಹಮಾಲನೂ ನೋಂದಾಯಿಸಬೇಕು. ಯಾರು ಹೊರಿಸಿದರೋ ಅವರು ಕೂಲಿಯನ್ನೂ ಅದರ ಮೇಲೆ ಲೆವಿ ಎಂಬ ಶುಲ್ಕವನ್ನೂ ಮಂಡಳಿಗೆ ಕಟ್ಟಬೇಕು. ಮಂಡಳಿ ಕೂಲಿ ಕೊಡುತ್ತದೆ; ಲೆವಿಯಿಂದ ಭವಿಷ್ಯನಿಧಿ, ಗ್ರ್ಯಾಚುಯಿಟಿ, ಔಷಧೋಪಚಾರ. ಹತ್ತು ಮಾಲೀಕರಿದ್ದರೂ ಕಾರ್ಮಿಕನ ಖಾತೆ ಒಂದೇ. ಇಂದು ಆ ವ್ಯವಸ್ಥೆಯಲ್ಲಿ ನಕಲಿ ಮಾಥಾಡಿಗಳ ಸುಲಿಗೆಯ ದೂರುಗಳಿವೆ. ಆದರೂ ಕಾಯಂ ಮಾಲೀಕನಿಲ್ಲದ ಕಾರ್ಮಿಕನಿಗೆ ಹಕ್ಕು ಕೊಡಲಾಗದು ಎಂಬ ವಾದ ಐವತ್ತು ವರ್ಷಗಳ ಹಿಂದೆಯೇ, ಇದೇ ನಗರದಲ್ಲಿ ಬಿದ್ದುಹೋಗಿದೆ.

ಇತ್ತೀಚಿನ ಕಾನೂನುಗಳು ಈ ದಾರಿಯಲ್ಲಿ ಅರ್ಧ ನಡೆದಿವೆ. ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ನಿಮ್ಮ ಮಗನಂತೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ, ಕಾಯ್ದೆ ತಂದವು. ಕರ್ನಾಟಕದಲ್ಲಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣ, 14 ದಿನಗಳ ನೋಟಿಸ್. ಡೊಂಬಿವಲಿಯ ನಿಮ್ಮ ಮಗನಿಗೆ ಅದು ತಾಗುವುದಿಲ್ಲ. ಅವನಿಗೆ ಸಂಬಂಧಿಸಿದ್ದು ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ. ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ನಿಧಿಗೆ ಕೊಡಬೇಕು. ಅದು ಕಾರ್ಮಿಕರಿಗೆ ಸಂದ ಮೊತ್ತದ ಶೇ. 5 ಮೀರಬಾರದು. ಆದರೆ ಅದೇ ಸಂಹಿತೆ ಗಿಗ್ ಕಾರ್ಮಿಕನನ್ನು ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗಿರುವವನು ಎಂದೇ ವ್ಯಾಖ್ಯಾನಿಸುತ್ತದೆ. ಹೀಗಾಗಿ ಕಲ್ಯಾಣ ಉಂಟು, ಕನಿಷ್ಠ ಕೂಲಿ, ಕೆಲಸದ ಅವಧಿಯ ಮಿತಿ, ವಾರದ ರಜೆ ಇಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರು ಸ್ವತಂತ್ರ ವ್ಯಾಪಾರಿಗಳಲ್ಲ, ಕಾರ್ಮಿಕರು ಎಂದು ಹೇಳಿ ಕನಿಷ್ಠ ಕೂಲಿಯ ದಾರಿ ತೆರೆಯಿತು. ನಮ್ಮಲ್ಲಿ ಹೋರಾಟ ನಡೆಯಬೇಕಾದ ಜಾಗ ಇದು.

‘ರಷ್ಯಾದಲ್ಲಿ ಏನಾಯಿತು?’ ಎಂಬ ಪ್ರಶ್ನೆ ಮುಂದಿನ ಊಟದ ಹೊತ್ತಿಗೆ ಬಂದೇ ಬರುತ್ತದೆ. ಅಲ್ಲಿ ಕಾರ್ಖಾನೆಗಳು ಸರ್ಕಾರದ ಕೈಗೆ ಹೋದವು, ಕಾರ್ಮಿಕರ ಕೈಗೆ ಬರಲಿಲ್ಲ. ಸ್ವತಂತ್ರ ಸಂಘ ಕಟ್ಟುವ ಹಕ್ಕೂ ಅವರಿಗಿರಲಿಲ್ಲ. ಆ ಮಾದರಿಯನ್ನು ನಾನು ಸಮರ್ಥಿಸುವುದಿಲ್ಲ. ಹೋಟೆಲಿನವರಿಗೆ ಹತ್ತಿರದ ಉದಾಹರಣೆ ಬೇರೆಯಿದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿ 1957ರಿಂದ ಅವನ್ನು ನಡೆಸತೊಡಗಿದರು. ಬಡಿಸುವವನೇ ಸದಸ್ಯ, ಸದಸ್ಯನೇ ಮಾಲೀಕ. ಇಂಡಿಯನ್ ಕಾಫಿ ಹೌಸ್ ಇಂದಿಗೂ ಹಲವು ಊರುಗಳಲ್ಲಿ ನಡೆಯುತ್ತಿದೆ.

ನಿಮ್ಮ ಪತ್ರದಲ್ಲಿ ಮೂವರ ದುಡಿಮೆಯ ವಿವರವಿದೆ, ನಿಮ್ಮದಿಲ್ಲ. ಮಗ ರಾತ್ರಿ ಹನ್ನೆರಡಕ್ಕೆ ಬಂದಾಗ ಅನ್ನ ಬಿಸಿ ಮಾಡುವವರು, ಅವನ ಟೀ-ಶರ್ಟ್ ಒಗೆಯುವವರು, ಮಾವನವರ ಮಾತ್ರೆ ನೆನಪಿಡುವವರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನಾಳೆ ಬೆಳಿಗ್ಗೆ ಮಗ ಮತ್ತೆ ಬೈಕ್ ಹತ್ತುವಷ್ಟು ತ್ರಾಣ ಅವನಿಗೆ ಬರುವುದು ಆ 289 ನಿಮಿಷಗಳಿಂದ, ಅದರ ಲಾಭ ಆ್ಯಪ್ ಕಂಪನಿಗೂ ಸಲ್ಲುತ್ತದೆ. ಮೇಲಿನ ನನ್ನ ಹೋಟೆಲ್ ಲೆಕ್ಕದಲ್ಲೂ ಇದು ಸೇರಿಲ್ಲ. ಸಮಾಜವಾದಿ ಸ್ತ್ರೀವಾದಿಗಳು ಬಹಳ ಕಾಲ ಜಗಳವಾಡಿ ಅರ್ಥಶಾಸ್ತ್ರದೊಳಗೆ ತಂದ ಲೆಕ್ಕ ಇದು. ಮಗನ ಮುಂದೆ ಈ ಲೆಕ್ಕವನ್ನು ನೀವೇ ಇಡಬೇಕು.

ಸದ್ಯಕ್ಕೆ ಮಾಡಬಹುದಾದದ್ದು: ಮಗ ಆಧಾರ್ ಹಿಡಿದು ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ತನ್ನ ಹೆಸರು ನೋಂದಾಯಿಸಲಿ, ಸಂಹಿತೆಯ ನಿಧಿಯಿಂದ ಏನು ಸಿಗಬೇಕಿದ್ದರೂ ನೋಂದಣಿ ಬೇಕು. ಆ್ಯಪ್‌ನಲ್ಲಿ ಬರುವ ವಾರದ ಪಾವತಿಯ ವಿವರವನ್ನು ಪ್ರತಿ ವಾರ ತೆಗೆದು ಬೇರೆ ಕಡೆ ಉಳಿಸಿಕೊಳ್ಳಲಿ, ಐಡಿ ಬ್ಲಾಕ್ ಆದರೆ ಆ ಪುಟವೇ ತೆರೆಯುವುದಿಲ್ಲ. ಅಪಘಾತವಾದರೆ ಆ ಕ್ಷಣದಲ್ಲಿ ಆರ್ಡರ್ ಚಾಲ್ತಿಯಲ್ಲಿತ್ತೆಂದು ತೋರಿಸುವ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಲಿ. ವಿಮೆಯ ಜಗಳ ಸಾಮಾನ್ಯವಾಗಿ ನಡೆಯುವುದು ಅದರ ಮೇಲೆಯೇ. ಸಂಘ ಸೇರುವ ಮೊದಲು ಅದು ನೋಂದಾಯಿತವೇ, ಚಂದಾಕ್ಕೆ ರಸೀದಿ ಕೊಡುತ್ತದೆಯೇ, ಪದಾಧಿಕಾರಿಗಳಲ್ಲಿ ಬೈಕ್ ಓಡಿಸುವವರು ಎಷ್ಟು ಜನ ಎಂದು ಕೇಳಲಿ. ಈ ಕೊನೆಯ ಪ್ರಶ್ನೆಯನ್ನು ಮಾವನವರೂ ಒಪ್ಪುತ್ತಾರೆ ಎಂದುಕೊಂಡಿದ್ದೇನೆ.